ಕುಂಕುಮ ಹಚ್ಚಿದ ವೋಟುಗಳು

ಸೋತವರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಉಪದೇಶ ಮಾಡುವವರನ್ನು ಸ್ವಲ್ಪ ಗಮನಿಸಿ ನೋಡಿ, ಹೆಚ್ಚುಕಡಿಮೆ ಎಲ್ಲರೂ ಗೆದ್ದವರೇ ಆಗಿರುತ್ತಾರೆ. ನಾನಂತೂ ಬಾಯಿ ಮುಚ್ಚುವವಳಲ್ಲ. ಇಡೀ ದಿನ ನನ್ನ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ನಿಂತು ಕೂಗಿ ಮಾತಾಡಿ ರೂಢಿಯಾದ ಗಂಟಲು ನನ್ನದು. ಮೆತ್ತಗೆ ಸೋಲೊಪ್ಪಿಕೊಳ್ಳಲು ಅದಕ್ಕೆ ಬರುವುದೇ ಇಲ್ಲ.

ಆದದ್ದಿಷ್ಟು. ಹೊಳೆದಂಡೆಯ ನಮ್ಮೂರಿನ ಗ್ರಾಮ ಪಂಚಾಯತಿ ಚುನಾವಣೆಗೆ ನಿಂತೆ. ನನಗೆ ದೀಪದ ಗುರುತು ಸಿಕ್ಕಿತು, ಎದುರಾಳಿ ಗೌರವ್ವನಿಗೆ ಆಟೋ. ದೀಪ ಸಿಕ್ಕ ಖುಷಿಗೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಆ ದೀಪವೇ ಕೈಕೊಟ್ಟಿತು ನೋಡಿ! ನಮ್ಮ ಓಣಿಯ ಹೆಂಗಸರು ಮತಪತ್ರ ಬಿಡಿಸಿದರೆ ಎದುರಿಗೆ ದೀಪ. ದೀಪ ಕಂಡ ಮೇಲೆ ಹಾಗೇ ಬರುವುದುಂಟೇ? ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಅದಕ್ಕೆ ಹಚ್ಚಿ, ಕೈಮುಗಿದು, ಆಮೇಲೆ ಸೀಲು ಒತ್ತಿ ಬಂದರು. ಎಣಿಸುವ ದಿನ ಅಧಿಕಾರಿ ಕುಂಕುಮ ಕಂಡದ್ದೇ ಅವನ್ನೆಲ್ಲ ಬದಿಗೆ ಒಗೆದರು. ಹಾಕಿದವರು ಯಾರೆಂದು ಗೊತ್ತಾಗುವ ಗುರುತು ಮತಪತ್ರದ ಮೇಲೆ ಇರಕೂಡದಂತೆ. ಎಲ್ಲವೂ ಅಸಿಂಧು, ಅವರ ಭಾಷೆಯಲ್ಲಿ ಕುಲಗೆಟ್ಟ ಮತ. ಸೀಲು ಎಲ್ಲಿ ಬಿದ್ದಿದೆ ಎಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ದೀಪಕ್ಕೆ ಕುಂಕುಮ ಹಚ್ಚಿದವರು ಮತ್ತೆಲ್ಲಿ ಒತ್ತುತ್ತಾರೆ? ಕೂದಲೆಳೆಯಲ್ಲಿ ಸೋತೆ.

ಸೋಲನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಮ್ಮ ಅತ್ತೆ, "ನನ್ನ ವೋಟು ಕುಲಗೆಟ್ಟದ್ದಂತೇನವಾ? ನಾ ಅಂಥಾಕೀ ಏನು?" ಎಂದು ಕಣ್ಣೀರು ಹಾಕಿ ರೊಟ್ಟಿ ಮುಟ್ಟದೆ ಮಲಗಿಬಿಟ್ಟರು. ಅದನ್ನು ಹೇಗೆ ನುಂಗಲಿ? ಮರುದಿನವೇ ಮುಂಡರಗಿ ಬಸ್ಸು ಹತ್ತಿ, ನದಾಫ ವಕೀಲರನ್ನು ಹಿಡಿದು ಕೋರ್ಟಿನಲ್ಲಿ ತಕರಾರು ಹಾಕಿದೆ.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ನೈಜೀರಿಯಾದಾಗ ಎಲೆಕ್ಷನ್ ಸೋತಾವ್ರೆಲ್ಲಾ ಕೋರ್ಟಿಗೇ ಹೋಗ್ತಾರಂತ. ನೀ ಅಲ್ಲೇ ಹುಟ್ಟಬೇಕಿತ್ತು ಬಿಡು," ಎಂದರು.

"ಅಷ್ಟು ದೂರದಾಗೂ ನನ್ನಂಥಾವ್ರು ಅದಾರಂದ್ರ ಛಲೋನ ಆತು," ಎಂದೆ. ಅಂದಿನಿಂದ ಆ ದೇಶದವರ ಮೇಲೆ ನನಗೆ ಒಂಥರಾ ಮಮತೆ. ಅವರ ವಕೀಲರೂ ನಮ್ಮ ನದಾಫ ವಕೀಲರಂತೆ ತಾರೀಖು ಸಿಕ್ಕಾಗಲೆಲ್ಲ ಚಹಾ ತರಿಸುತ್ತಾರೋ ಏನೋ.

ತಾರೀಖು ಬಿತ್ತು, ಮುಂದೆ ಹೋಯಿತು, ಮತ್ತೆ ಬಿತ್ತು. ಗಿರಣಿ ಮುಚ್ಚಿ ಓಡಾಡಿ ನನ್ನ ಚಪ್ಪಲಿ ಸವೆದವು. ಜೋಳದ ಡಬ್ಬಿ ಹಿಡಿದು ಬಂದವರು ಬೀಗ ನೋಡಿ ಗೊಣಗಿಕೊಂಡು ಹೋದರು. ನಾನು ಜಗ್ಗಲಿಲ್ಲ. ಕಡೆಗೊಂದು ದಿನ ನದಾಫ ವಕೀಲರು ಎದ್ದು ನಿಂತು ಕೇಳಿಯೇಬಿಟ್ಟರು: "ಸಾಹೇಬ್ರ, ಓಣ್ಯಾಗಿನ ಹೆಂಗಸ್ರೆಲ್ಲಾ ಒಂದ ಅಂಗಡಿ ಕುಂಕುಮ ಹಚ್ಕೋತಾರ. ಇದು ಯಾರ ಹಣೀದು ಅಂತ ಹ್ಯಾಂಗ ಹೇಳ್ತೀರಿ?" ನ್ಯಾಯಾಧೀಶರು ಆ ಮಾತನ್ನು ಒಪ್ಪಿದರು. ಕುಂಕುಮದ ಮತಗಳನ್ನೂ ಎಣಿಸಬೇಕೆಂದು ತೀರ್ಪಾಯಿತು. ನಾನು ಕೋರ್ಟೆಂಬುದನ್ನೂ ಮರೆತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ.

ಎಣಿಸಿದರು. ಪ್ರತಿಯೊಂದರಲ್ಲೂ ಕುಂಕುಮ ದೀಪಕ್ಕೇ ಇತ್ತು. ಸೀಲು ಮಾತ್ರ ಮುಕ್ಕಾಲುಪಾಲು ಆಟೋದ ಮೇಲೆ! ಮೊದಲು ಕೂದಲೆಳೆಯಲ್ಲಿ ಸೋತಿದ್ದವಳು ಈಗ ಕಾನೂನುಬದ್ಧವಾಗಿ, ಭರ್ಜರಿಯಾಗಿ ಸೋತೆ.

ಮನೆಗೆ ಬಂದು ಅತ್ತೆಯ ಮುಂದೆ ಕುಂತೆ. "ಅತ್ತಿ, ಖರೆ ಹೇಳ್ರಿ. ಎಲ್ಲಿ ಒತ್ತಿದ್ರಿ?"

"ದೀಪಕ್ಕ ಕೈ ಮುಗದೆ, ಆಟೋಕ್ಕ ಒತ್ತಿದೆ," ಎಂದರು ಅತ್ತೆ, ಒಂಚೂರೂ ಅಳುಕದೆ. "ನೀ ಪಂಚಾಯ್ತಿಗೆ ಹೋಗಿ ಕುಂತ್ರ ಗಿರಣಿ ಯಾರು ನಡಸ್ಬೇಕವಾ? ಓಣಿ ಮಂದೆಲ್ಲಾ ಹಿಟ್ಟಿಗೆ ಎಲ್ಲಿ ಹೋಗ್ಬೇಕು? ಅದಿರ್ಲಿ, ಈಗ ನನ್ನ ವೋಟು ಕುಲಗೆಟ್ಟದ್ದಲ್ಲ ಹೌದಿಲ್ಲೋ?"

"ಅಲ್ಲರಿ," ಎಂದೆ. ಅತ್ತೆ ಅಂದು ಎರಡು ರೊಟ್ಟಿ ಹೆಚ್ಚಿಗೇ ತಿಂದರು.

ಮುಂದಿನ ಸಲವೂ ನಿಲ್ಲುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಅತ್ತೆಯ ಮತಕ್ಕೆ ಕೋರ್ಟಿನವರೆಗೆ ಹೋಗಿ ಮರ್ಯಾದೆ ತಂದುಕೊಟ್ಟವಳು ನಾನು. ಆದರೆ ಆ ಮತ ನನಗೇ ಬೀಳಬೇಕೆಂಬ ಕಾನೂನು ಮಾತ್ರ ಎಲ್ಲೂ ಇಲ್ಲವಂತೆ. ನದಾಫ ವಕೀಲರನ್ನು ಆಗಲೇ ಕೇಳಿಬಂದಿದ್ದೇನೆ.