ಇಂಗಿನ ಡಬ್ಬಿಯೂ ಒಂದು ಸಿನಿಮಾವೇ?

ಮಗಳು ಅರ್ಚಿತಾ ಸೂರತ್‌ನ ಕತಾರ್‌ಗಾಮಿನಲ್ಲಿ ಸೀರೆಗೆ ಹೂವು ಬಿಡಿಸುವ ಕಾಯಂ ಕೆಲಸ ಬಿಟ್ಟು ಮನೆಗೆ ಹತ್ತಿರದ ಬೋಡಕ್‌ದೇವ್‌ನ ಅನಿಮೇಷನ್ ಸ್ಟುಡಿಯೋ ಸೇರುತ್ತೇನೆ ಎಂದಾಗ, ನವರಂಗಪುರದ ಉಡುಪಿ ಹೋಟೆಲಿನ ಯಜಮಾನ ಶಂಕರನಾರಾಯಣರ ಸಿಟ್ಟು ನೆತ್ತಿಗೇರಿತು. ಅಪ್ಪ ಹೂಂ ಎನ್ನದೆ ಅವಳು ಸೇರುವವಳಲ್ಲ. ಸ್ಟುಡಿಯೋದವರಿಗೆ ಸೋಮವಾರ ಉತ್ತರ ಕೊಡಬೇಕು. ಅಂದು ಶನಿವಾರ.

"ಈಗ ಎಂತ ಸಿನಿಮಾ ಮಾಡ್ತಾರಂತೆ ಅವರು?"

"ಒಂದು ಇಂಗಿನ ಡಬ್ಬಿ, ಪಪ್ಪಾ. ಅಡುಗೆಮನೆಯಲ್ಲಿ ಯಾರೂ ಅದರ ಪಕ್ಕ ಕೂರಲ್ಲ."

"ಮತ್ತೆ?"

"ಅಷ್ಟೇ."

"ಸುಶೀಲಾ, ಕೇಳಿದೆಯಾ? ಇಂಗಿನ ಡಬ್ಬಿಯನ್ನು ನಂಬಿಕೊಂಡು ನಿನ್ನ ಮಗಳು ಬದುಕ್ತಾಳಂತೆ." (ತಾವು ಮೂವತ್ತು ವರ್ಷದಿಂದ ಅದನ್ನೇ ನಂಬಿ ಸಾಂಬಾರು ಮಾರಿ ಬದುಕಿದ್ದು ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.)

ಸುಶೀಲಾ ಬೀನ್ಸ್ ಮುರಿಯುತ್ತಲೇ ಅಂದರು: "ಆ ಸ್ಟುಡಿಯೋದವರ ಸೋರುವ ನಲ್ಲಿ ಸಿನಿಮಾಗೂ ಹೀಗೇ ಅಂದಿದ್ರಿ. ನೋಡಿ ಬಂದವರು ಆರು ತಿಂಗಳಿಂದ ಸೋರ್ತಿದ್ದ ನಮ್ಮ ನಲ್ಲಿಗೆ ನೀವಾಗಿಯೇ ಪ್ಲಂಬರ್ ಕರೆಸಿದ್ರಿ."

"ಅದು ಕಾಕತಾಳೀಯ."

"ಜೋಡಿ ತಪ್ಪಿದ ಚಪ್ಪಲಿ ಸಿನಿಮಾದಲ್ಲಿ ನಿಮ್ಮ ಕರ್ಚೀಫು ಸಾಲದೆ ನನ್ನ ಸೆರಗಿನಲ್ಲಿ ಮೂಗು ಒರೆಸಿದ್ದು?"

"ನೆಗಡಿ ಮಾರಾಯ್ತಿ. ಎರಡು ಚೆನ್ನಾಗಿತ್ತು ಅಂತ ಮೂರನೇದೂ ಚೆನ್ನಾಗಿರಬೇಕೂಂತ ಉಂಟಾ?"

"ಹೊಸ ಗಿರಾಕಿ ಗೋಳಿಬಜೆ ಅಂದ್ರೆ ಎಂತದೋ ಅಂತ ಮುಖ ಸಿಂಡರಿಸಿದ್ರೆ ನೀವೇನು ಮಾಡ್ತೀರಿ?"

"ಒಂದು ಬಿಟ್ಟಿ ಕಳಿಸ್ತೇನೆ. ಮೊದಲು ತಿಂದು ನೋಡ್ಲಿ, ಆಮೇಲೆ ಮಾತು."

"ಹಾಗಾದ್ರೆ ನಾಳೆ ನೀವೂ ಹೋಗಿ ರುಚಿ ನೋಡಿ."

ತಮ್ಮದೇ ಹೋಟೆಲಿನ ಕಾನೂನಿಗೆ ಸಿಕ್ಕಿಬಿದ್ದ ಯಜಮಾನರು ಭಾನುವಾರ ಸಕುಟುಂಬ ಸಪರಿವಾರ ಸ್ಟುಡಿಯೋಗೆ ದಯಮಾಡಿಸಿದರು. ವಡೋದರದಲ್ಲಿ ಬೆಳೆದ ಕನ್ನಡದ ಹುಡುಗಿ ಪ್ರಾರ್ಥನಾ ಅಲ್ಲಿನ ನಿರ್ದೇಶಕಿ. ಪೆನ್ಸಿಲಿನಲ್ಲಿ ಬಿಡಿಸಿದ ಐದು ನಿಮಿಷದ ತುಣುಕನ್ನು ಆಕೆ ಗೋಡೆಯ ಮೇಲೆ ಓಡಿಸಿದಳು. ಒಂದೇ ನಿಮಿಷಕ್ಕೆ ಯಜಮಾನರು ಎದ್ದು ನಿಂತರು.

"ನಿಲ್ಲಿಸಿ. ಇಂಗನ್ನು ಯಾರಾದ್ರೂ ಏಲಕ್ಕಿ ಪಕ್ಕ ಇಡ್ತಾರಾ? ಪಾಯಸ ಕೆಟ್ಟೇ ಹೋಗ್ತದೆ."

"ಅದಕ್ಕೇ ಅಂಕಲ್, ಏಲಕ್ಕಿ ರೋತಿ ಹೈ," ಎಂದಳು ಪ್ರಾರ್ಥನಾ.

ನೋಡಿದರೆ ಏಲಕ್ಕಿ ನಿಜವಾಗಿಯೂ ಬಿಕ್ಕುತ್ತಿತ್ತು. ಯಜಮಾನರು ಕುಳಿತರು. ಡಬ್ಬಿಗೋ ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ. ಎಲ್ಲರೂ ದೂರ ಸರಿಯುತ್ತಾರೆಂದು ನೊಂದು ಅದು ಒಂದು ದಿನ ಮನೆ ಬಿಟ್ಟಿತು. ಅಂದಿನ ಸಾಂಬಾರು ಬಾಯಿಗಿಟ್ಟವರೆಲ್ಲ ಚಮಚ ಕೆಳಗಿಟ್ಟರು. ಸಾಸಿವೆ, ಮೆಂತ್ಯ, ಆ ಅಳುಬುರುಕ ಏಲಕ್ಕಿಯೂ ಸೇರಿ ಡಬ್ಬಿಯನ್ನು ಹುಡುಕಿ ಹೊರಟವು. ಯಜಮಾನರು ಮತ್ತೆ ಹೆಂಡತಿಯ ಸೆರಗಿಗೆ ಕೈ ಹಾಕಿದರು. ಈ ಸಲ ನೆಗಡಿಯ ನೆಪವೂ ಹೊಳೆಯಲಿಲ್ಲ.

"ಪಾಪದ್ದು," ಅಂದರು. "ಇದನ್ನು ಬರೆದ ಪುಣ್ಯಾತ್ಮ ಯಾರು?"

ಪ್ರಾರ್ಥನಾ ಅರ್ಚಿತಾಳತ್ತ ಕೈ ತೋರಿಸಿದಳು.

"ಕೆಲಸ ಬೇಕಾದ್ರೆ ಮನೆಯವರೊಬ್ಬರ ಮೇಲೆ ಸ್ಟೋರಿ ಬರೀಬೇಕಿತ್ತು, ಪಪ್ಪಾ. ನಿಮ್ಗೆ ಹೇಳೋಕೆ ಭಯ ಆಯ್ತು."

ಶಂಕರನಾರಾಯಣರ ಎದೆ ಹೆಮ್ಮೆಯಿಂದ ಉಬ್ಬಿತು. ಹೆಂಡತಿಯತ್ತ ಬಾಗಿ, "ನೋಡು, ನಿನ್ನನ್ನು ಎಷ್ಟು ಚೆನ್ನಾಗಿ ಬರೆದಿದ್ದಾಳೆ," ಎಂದರು.

ಪ್ರಾರ್ಥನಾ ಮೆಲ್ಲನೆ ಬಣ್ಣ ತುಂಬಿದ ಚಿತ್ರವೊಂದನ್ನು ಮೇಜಿನ ಮೇಲಿಟ್ಟಳು. ಗುಂಡು ಡಬ್ಬಿ, ಮೂಗಿನ ಮೇಲೆ ಜಾರಿದ ಕನ್ನಡಕ, ಕಿವಿಗೆ ಸಿಕ್ಕಿಸಿದ ಪೆನ್ನು, ಮುಂದಕ್ಕೆ ಧಾರಾಳವಾಗಿ ಬಂದ ಹೊಟ್ಟೆ.

ಯಜಮಾನರು ಮೂಗಿನ ಮೇಲೆ ಜಾರಿದ್ದ ತಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ತಮ್ಮ ಕಿವಿಯಿಂದ ಪೆನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಆಯ್ತು, ಇವಳು ಸೇರ್ಲಿ," ಅಂದರು. "ಆದ್ರೆ ಆ ಹೊಟ್ಟೆ ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?"

"ಕಮ್ಮಿ ಮಾಡಿಯೇ ಇಷ್ಟು, ಅಂಕಲ್."