ಗುರುವಾರದ ಹಲ್ಲುನೋವು

ಹಲ್ಲುಗುರುವಿಗೆ ಒಂದು ಹಲ್ಲು ಕೀಳಲೂ ಬರುತ್ತಿರಲಿಲ್ಲ. ಕೀಳುವವರಿಗೆ ಅಂಗಡಿ ನಡೆಸುವುದು ಹೇಗೆಂದು ಕಲಿಸುವುದೇ ಅವನ ಕಸುಬು. (ಆ ಹೆಸರಿಟ್ಟವನು ಭಾವಮೈದುನ, ಹೊಗಳಿಕೆಯೆಂದು ಇವನು ಒಪ್ಪಿಕೊಂಡಿದ್ದ.) ಕೊರಳಿಗೆ ಟೈ ಬಿಗಿದು, ಕೈಗೆ ಮೈಕು ಹಿಡಿದು, "ಕಾಯಿಸಿದಿರೋ, ಗಿರಾಕಿ ಕಳಕೊಂಡಿರಿ!" ಎಂದು ಗರ್ಜಿಸಿದರೆ ಊರಿನ ದಂತವೈದ್ಯರೆಲ್ಲ ತಮ್ಮ ರೋಗಿಗಳ ಹಾಗೆ ಬಾಯಿ ತೆರೆದು ಕೂರುತ್ತಿದ್ದರು. ಅವನ ಮಾತು ಕೇಳಿ ಕ್ಲಿನಿಕ್ಕಿನ ಮೆತ್ತನೆ ಕುರ್ಚಿಗಳನ್ನು ಹೊರಗೆ ಹಾಕಿದರು; ಹಳೇ ಪತ್ರಿಕೆ, ಕಾದಂಬರಿಗಳನ್ನು ರದ್ದಿಗೆ ತೂಗಿದರು. ಪುಸ್ತಕ ಹಿಡಿದವನು ಗೋಡೆಯ ಮೇಲಿನ ಹೊಳೆಯುವ ಹಲ್ಲಿನ ಜಾಹೀರಾತು ನೋಡುವುದಿಲ್ಲವಲ್ಲ!

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಸುಧಾರಣೆಯ ಹುಚ್ಚು ನೆತ್ತಿಗೇರಿ ತನ್ನ ಮನೆಗೂ ಕೈ ಹಾಕಿದ. ಕಿಟಕಿ ಪಕ್ಕದ ಹಳೇ ಸೋಫಾ 'ಉತ್ಪಾದಕತೆಗೆ ಮಾರಕ' ಎಂದು ತೀರ್ಪಾಯಿತು. ಪುಸ್ತಕದ ಕಪಾಟಿದ್ದ ಜಾಗಕ್ಕೆ ಬಿಳಿ ಬೋರ್ಡು ಬಂತು, ಅದರ ತುಂಬ ಸಂಸಾರದ ಗುರಿಗಳು. "ಸೋಫಾ, ಕಪಾಟು ಎರಡನ್ನೂ ಎಲ್ಲಿಗಾದ್ರೂ ಸಾಗಹಾಕು" ಎಂದು ಹೆಂಡತಿಗೆ ಅಪ್ಪಣೆ ಮಾಡಿದ. ಅವಳು ಧಿಕ್ಕಾರ ಕೂಗಲಿಲ್ಲ. ಎರಡನ್ನೂ ಸಾಗಹಾಕಿದಳು, ಸಂಜೆಯ ಓದಿಗೆ ಮಾತ್ರ ಸದ್ದಿಲ್ಲದೆ ಮುಷ್ಕರ ಹೂಡಿದಳು.

ಆ ಓದಿನ ಸುಖವೇ ಬೇರೆ. ಸೋಫಾದ ಒಂದು ತುದಿಯಲ್ಲಿ ಕಾಲು ಮಡಚಿ ಕೂತು ಅವಳು ಗಟ್ಟಿಯಾಗಿ ಕಥೆ ಓದುತ್ತಿದ್ದಳು. ಇನ್ನೊಂದು ತುದಿಯಲ್ಲಿ ಇವನು ಒಗೆದ ಬಟ್ಟೆ ಮಡಚುತ್ತಾ ಕೇಳುತ್ತಿದ್ದ. ಖಳನಿಗೊಂದು ದನಿ, ಅತ್ತೆಗೊಂದು ದನಿ. ನಗುವ ಸಾಲು ಹತ್ತಿರ ಬಂದರೆ ಅವಳಿಗೇ ಮೊದಲು ನಗು ಉಕ್ಕಿ, ಓದಲಾಗದೆ ಇವನ ತೋಳಿಗೆ ಗುದ್ದುತ್ತಿದ್ದಳು. ಈಗ ಇವನು ಕಿವಿಗೆ ತಂತಿ ಸಿಕ್ಕಿಸಿಕೊಂಡು, ನಡೆಯುತ್ತಲೇ ಪುಸ್ತಕಗಳ ಸಾರಾಂಶ ಕೇಳುತ್ತಾನೆ. ಹಾಗೆ ರಾಶಿ ರಾಶಿ ಪುಸ್ತಕ ಮುಗಿಸಿದ. ಒಂದರಲ್ಲೂ ಒಬ್ಬ ಮನುಷ್ಯನ ಮುಖ ಕಾಣಲಿಲ್ಲ. ತೋಳು ಮಾತ್ರ ಆ ಗುದ್ದಿಗಾಗಿ ಹಾತೊರೆಯುತ್ತಿತ್ತು. ಬಾಯಿಬಿಟ್ಟು ಕೇಳುವುದು ಹೇಗೆ? ಹೆಂಡತಿಯ ಕೈಲಿ ಗುದ್ದಿಸಿಕೊಳ್ಳುವುದನ್ನು ಬೋರ್ಡಿನ ಮೇಲೆ ಗುರಿಯೆಂದು ಬರೆಯಲಾದೀತೆ?

ಇಂಥದರಲ್ಲಿ ಹೆಂಡತಿಗೆ ಹಲ್ಲುನೋವು ಶುರುವಾಯಿತು. ಅದೂ ಗುರುವಾರ ಮಧ್ಯಾಹ್ನ ಮಾತ್ರ. ಹೋಗುತ್ತಿದ್ದುದು ರಸ್ತೆ ಕೊನೆಯ ವಯಸ್ಸಾದ ಡಾಕ್ಟರಮ್ಮನ ಹತ್ತಿರ. ಇವನು ತರಬೇತಿಗೆ ಕರೆಯಲು ಹೋದಾಗ "ನನ್ನ ಅಂಗಡಿ ಹೀಗೇ ಇರ್ಲಿ ಬಿಡಪ್ಪ" ಎಂದು ಬಾಗಿಲು ಹಾಕಿಕೊಂಡಿದ್ದವರು ಊರಿಗೆಲ್ಲ ಅವರೊಬ್ಬರೇ.

"ಊರಿನ ಹಲ್ಲು ಡಾಕ್ಟರುಗಳೆಲ್ಲ ನನ್ನ ಮಾತು ಕೇಳ್ತಾರೆ. ನನ್ನ ಹೆಂಡತಿ ಮಾತ್ರ ಆ ಮುದುಕಿ ಹತ್ರ! ನನ್ನ ಮಾನ ಏನಾಗ್ಬೇಕು?"

"ನಿಮ್ಮ ಮಾನಕ್ಕೆ ಹಲ್ಲಿದ್ರೆ ಅದನ್ನ ಬೇರೆ ಕಡೆ ಕರ್ಕೊಂಡು ಹೋಗಿ. ನನ್ನ ಹಲ್ಲು ನನ್ನ ಜೊತೆ ಬರುತ್ತೆ."

"ಯಾವ ಹಲ್ಲೇ ಅದು?"

"ಹಿಂದಿಂದು."

"ಹೋದ ವಾರ ಮುಂದಿಂದು ಅಂದಿದ್ದೆ!"

"ನೋವು ತಿರುಗಾಡುತ್ತೆ ಕಣ್ರೀ, ನಿಮ್ಮ ಹಾಗೆ. ಒಂದ್ಕಡೆ ಕೂರೋ ಪೈಕಿ ಅಲ್ಲ."

ಮುದುಕಿ ತನ್ನ ಹೆಂಡತಿಯ ಬಾಯಿ ಕೆಡಿಸುತ್ತಿದ್ದಾಳೆ, ಹೋಗಿ ಕೈಯಾರೆ ಹಿಡಿದುಬಿಡಬೇಕು ಎಂದು ಮುಂದಿನ ಗುರುವಾರ ಹಲ್ಲುಗುರು ಹೆಂಡತಿಯ ಬೆನ್ನು ಹತ್ತಿದ.

ಬಾಗಿಲಲ್ಲೇ ಕಾಲು ನಿಂತಿತು. ಕಾಯುವ ಕೋಣೆಯ ತುಂಬ ಜನ, ಒಬ್ಬರೂ ಗೊಣಗುತ್ತಿಲ್ಲ. ಗೋಡೆಗೆ ಅವನ ಮನೆಯ ಕಪಾಟು. ಕಿಟಕಿಗೆ ಒತ್ತಿಕೊಂಡು ಅವನ ಮನೆಯ ಸೋಫಾ, ಅವನೇ ಚೆಲ್ಲಿದ್ದ ಚಹಾದ ಕಲೆ ಸಮೇತ. ಅದರ ತುದಿಯಲ್ಲಿ ಕಾಲು ಮಡಚಿ ಕೂತು ಹೆಂಡತಿ ಗಟ್ಟಿಯಾಗಿ ಓದುತ್ತಿದ್ದಳು. ಕೆನ್ನೆ ಊದಿದ ಬಸ್ ಡ್ರೈವರು, ದವಡೆಗೆ ಹತ್ತಿ ತುರುಕಿಸಿಕೊಂಡ ಟೈಲರಮ್ಮ, ಇನ್ನೂ ನಾಲ್ಕಾರು ಮಂದಿ ಧರಣಿ ಕೂತವರ ಹಾಗೆ ಸುತ್ತುವರಿದಿದ್ದರು. (ನಡುವೆ ಬಾಯಿ ಹಾಕೋಣವೆಂದರೆ ಯಾರ ಬಾಯಿಯೂ ನೆಟ್ಟಗಿರಲಿಲ್ಲ. ಇಂಥ ಶ್ರೋತೃವರ್ಗ ಅವಳಿಗೆ ಮನೆಯಲ್ಲೆಲ್ಲಿ ಸಿಗಬೇಕು!) ಖಳನ ದನಿ ಬಂತು, ಅತ್ತೆಯ ದನಿ ಬಂತು. ಬೈಯಲೆಂದು ಬಂದಿದ್ದ ಹಲ್ಲುಗುರು ಸದ್ದಾಗದಂತೆ ಚಪ್ಪಲಿ ಕಳಚಿದ.

ಅವಳು ನೋಡಿದಳು. ಓದು ನಿಲ್ಲಿಸಲಿಲ್ಲ. ಪಕ್ಕದಲ್ಲಿಟ್ಟಿದ್ದ ಕೈಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಅವನು ಹೋಗಿ ಆ ಜಾಗದಲ್ಲಿ ಕೂತ. ನಗುವ ಸಾಲು ಹತ್ತಿರ ಬರುತ್ತಿತ್ತು. ಅವಳ ತುಟಿಯ ಕೊನೆ ಆಗಲೇ ಅದುರತೊಡಗಿತ್ತು. ತೋಳನ್ನು ಇಷ್ಟೇ ಇಷ್ಟು ಅವಳತ್ತ ಸರಿಸಿದ.

ಒಳಬಾಗಿಲು ತೆರೆದು ಡಾಕ್ಟರಮ್ಮ ಇಣುಕಿದರು.

"ಅರೆ, ಹಲ್ಲುಗುರು! ಏಳು ಏಳು, ಒಳಗೆ ಬಾ."

"ಇವರೆಲ್ಲ ನನಗಿಂತ ಮೊದಲು ಬಂದಿದ್ದಾರೆ ಡಾಕ್ಟರಮ್ಮ. ನಾನು ಕಾಯ್ತೀನಿ."

"ಕಾಯಿಸಿದ್ರೆ ಗಿರಾಕಿ ಹೋಯ್ತು ಅಂತ ಊರೆಲ್ಲ ಸಾರಿದೋನು ನೀನು. ನಿನ್ನನ್ನೇ ಕಾಯಿಸಿದ್ರೆ ನನ್ನ ಮರ್ಯಾದೆ ಉಳಿಯುತ್ತಾ?"

"ನನಗೆ ನೋವೇ ಇಲ್ಲ!"

"ಬಾಗಿಲಿಗೆ ಬಂದೋರನ್ನ ಸುಮ್ನೆ ವಾಪಸ್ ಕಳಿಸ್ಬೇಡಿ ಅಂತಾನೂ ಪಾಠ ಮಾಡಿದ್ಯಂತೆ. ಬಾ."

ಬಸ್ ಡ್ರೈವರು ಕೆನ್ನೆ ಹಿಡಿದುಕೊಂಡೇ 'ಎದ್ದು ಹೋಗಯ್ಯ' ಎಂದು ಕೈ ಮಾಡಿದ. ಕಥೆ ನಿಂತುಹೋಗಿತ್ತಲ್ಲ, ಅವನಿಗೆ ಆ ಸಿಟ್ಟು.

"ಊರವರ ಹಲ್ಲಿಂದ ಬದುಕೋನು, ನಿನ್ನದೊಂದನ್ನ ನೋಡ್ಕೊಂಡಿಲ್ಲ. ತೂತು ಬಿದ್ದಿದೆ ನೋಡು" ಎಂದು ಡಾಕ್ಟರಮ್ಮ ಯಂತ್ರ ಎತ್ತಿಕೊಂಡರು. ಅದು ಗುರ್ರೆಂದ ಹೊತ್ತಿಗೇ ಹೊರಗೆ ನಗು ಸಿಡಿಯಿತು. ಯಾವ ಸಾಲಿಗೆ? ಬಾಗಿಲಾದರೂ ತೆರೆದಿಡಲಿ ಎಂದು ಹಲ್ಲುಗುರು ಕೈಕಾಲು ಬಡಿದ. "ಅಯ್ಯೋ ಪಾಪ, ನೋವಾಯ್ತಾ?" ಎಂದು ಅವರು ಇನ್ನೊಂದು ಸೂಜಿ ಚುಚ್ಚಿದರು.

ಅರ್ಧ ಮುಖ ಮರಗಟ್ಟಿಸಿಕೊಂಡು ಹೊರಬಂದರೆ, ಸೋಫಾದ ಅವನ ಜಾಗದಲ್ಲಿ ಟೈಲರಮ್ಮ ಕೂತಿದ್ದಳು. ನಗುತ್ತಾ ತೋಳು ಉಜ್ಜಿಕೊಳ್ಳುತ್ತಿದ್ದಳು.

"ಮುಂದಿನ ಗುರುವಾರ ಮತ್ತೆ ಬರ್ಲಾ?" ಎಂದು ಸೊಟ್ಟ ಬಾಯಲ್ಲಿ ಡಾಕ್ಟರಮ್ಮನನ್ನು ಅಂಗಲಾಚಿದ.

"ನೀನ್ಯಾಕೆ? ನಿಂದು ಪೂರ್ತಿ ಮುಗೀತು. ಒಂದೇ ಕೆಲಸಕ್ಕೆ ಹತ್ತು ಸಲ ಅಲೆಸ್ಬೇಡಿ ಅನ್ನೋದು ನಿನ್ನ ಮಾತೇ ಅಲ್ವಾ? ಇನ್ನು ಹಾಯಾಗಿರು."

ದಾರಿಯಲ್ಲಿ ಹೆಂಡತಿ ಹೇಳಿದಳು: "ಇನ್ನೊಂದೇ ಅಧ್ಯಾಯ ಉಳಿದಿರೋದು."

"ಮನೇಲಿ ಓದೇ."

"ಎಲ್ಲಿ ಕೂತ್ಕೊಂಡು? ನಿಮ್ಮ ಬೋರ್ಡಿನ ಮೇಲಾ?"

"ಹಾಗಾದ್ರೆ ಅಲ್ಲಿಗೇ ನಾನೂ..."

"ಅಲ್ಲಿ ಹಲ್ಲುನೋವಿದ್ದೋರಿಗೆ ಮಾತ್ರ ಜಾಗ ಕಣ್ರೀ."

ಹಲ್ಲುಗುರುವಿನ ನಾಲಿಗೆ ಬಾಯೊಳಗೆ ಒಂದೊಂದೇ ಹಲ್ಲನ್ನು ತಡವುತ್ತಾ, ಎಲ್ಲಾದರೂ ಒಂಚೂರು ನೋವು ಉಳಿದಿದ್ದೀತೇ ಎಂದು ಮನೆಯವರೆಗೂ ಹುಡುಕುತ್ತಲೇ ಇತ್ತು.