ಮಾವನ ಕಾರು ಹಗುರಾದದ್ದು

"ನೋಡ್ತಾ ಇರು. ನಿಮ್ಮಪ್ಪನ ಕೈಲಿ ಆಮೆ ಥರ ತೆವಳಿದ ಕಾರನ್ನ ನಾನು ಕುದುರೆ ಮಾಡ್ತೀನಿ. ಅದೂ ಕೈ ಸುಟ್ಟುಕೊಳ್ಳದೆ," ಎಂದು ಅಳಿಯ ಮಹಾಶಯ ಊಟಕ್ಕೆ ಕೂತಲ್ಲೇ ಪ್ರತಿಜ್ಞೆ ಮಾಡಿದ.

ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಮ್ಮ ಕುದುರೆ ಕೇಳಲಿಲ್ಲ ರೀ. ಒಂದು ಸುತ್ತು ಕರ್ಕೊಂಡು ಹೋಗಿ ಅಂದ್ಲು, ಅಷ್ಟೇ."

ಅತ್ತೆಗೆ ಸೊಂಟದ ಕೀಲು ಬದಲಾಯಿಸುವ ಆಪರೇಷನ್ ನಿಗದಿಯಾಗಿತ್ತು. ಅದಾದ ಮೇಲೆ ತಗ್ಗಿನ ಸೀಟಿನಲ್ಲಿ ಕೂರಲೇಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ತೀರಿಕೊಂಡ ಮಾವನ ಕಾರೋ, ಹೊಟ್ಟೆ ನೆಲಕ್ಕೆ ತಾಗುವಂತೆ ನಿಂತ, ಎರಡೇ ಸೀಟಿನ, ಆರು ಸಿಲಿಂಡರಿನ ಸ್ಪೋರ್ಟ್ಸ್ ಕಾರು. ಅತ್ತೆ ಮದುವೆಯಾದ ಹೊಸತರಿಂದ ಅದರಲ್ಲಿ ಗಂಡನ ಪಕ್ಕ ಕೂತು ತಿರುಗಾಡಿದವರು. ಕೊನೆಯದಾಗಿ ಒಮ್ಮೆ ಅಲ್ಲಿ ಕೂರಬೇಕು ಎಂಬುದಷ್ಟೇ ಅವರ ಆಸೆ.

ಅಳಿಯನ ಆಸೆ ಬೇರೆ. ಮಾವ ಬದುಕಿದ್ದಷ್ಟು ದಿನ ಆ ಕಾರಿನ ಕೀಲಿಯನ್ನು ಅವನಿಗೆ ಮುಟ್ಟಗೊಟ್ಟಿರಲಿಲ್ಲ. "ಇದು ನಿಮ್ಮ ಕೈಲಿ ಆಗೋದಲ್ಲ ಬಿಡಿ," ಎಂದು ನಾಲ್ಕು ಜನರ ಮುಂದೆ ನಕ್ಕಿದ್ದರು. ಆ ನಗು ಅವನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಮಾವನಿಗಿಂತ ಅಳಿಯ ಒಂದು ಕೈ ಮೇಲು ಎಂದು ಅತ್ತೆಯ ಬಾಯಿಂದಲೇ ಹೇಳಿಸಬೇಕು! ಸತ್ತವರ ಜೊತೆ ಪೈಪೋಟಿಗೆ ಬಿದ್ದವನಿಗೆ ಬೇರೆ ತೀರ್ಪುಗಾರರು ಎಲ್ಲಿ ಸಿಗುತ್ತಾರೆ?

ಎಂಜಿನ್ ಬಲ ಹೆಚ್ಚಿಸುವ ದೊಡ್ಡ ದೊಡ್ಡ ಉಪಾಯಗಳೆಲ್ಲ ಅವನ ಸಂಬಳಕ್ಕೆ ಎಟುಕುವಂಥವಲ್ಲ. ಅಗ್ಗದವನ್ನು ಹಿಡಿದ. ಹೊಸ ಏರ್ ಫಿಲ್ಟರ್ ಹಾಕಿದ. ಆರೂ ಸಿಲಿಂಡರಿಗೆ ಹೊಸ ಸ್ಪಾರ್ಕ್ ಪ್ಲಗ್ ಜೋಡಿಸಿದ. ಅಗಲ ಬಾಯಿಯ ಸೈಲೆನ್ಸರ್ ತಂದು ಕೂರಿಸಿದ. ಸದ್ದು ದುಪ್ಪಟ್ಟಾಯಿತು, ವೇಗ ಮಾತ್ರ ಇದ್ದಲ್ಲೇ ಇತ್ತು. ಬೀದಿಯವರು ಅವನೊಡನೆ ಮಾತು ಬಿಟ್ಟರು.

ಆಗ ಅವನ ಕಸುಬು ಅವನಿಗೆ ದಾರಿ ತೋರಿಸಿತು. ಅವನು ಪಾರ್ಸೆಲ್ ಆಫೀಸಿನಲ್ಲಿ ತೂಕದ ಗುಮಾಸ್ತ. ಬಲ ಹೆಚ್ಚಿಸಲು ದುಡ್ಡು ಬೇಕು, ಭಾರ ಇಳಿಸಲು ಸ್ಪ್ಯಾನರ್ ಸಾಕು! ಸ್ಟೆಪ್ನಿ ಹೋಯಿತು, ಜಾಕ್ ಹೋಯಿತು, ರೇಡಿಯೊ, ಕಾರ್ಪೆಟ್ಟು, ಬಾಗಿಲಿನ ಒಳಹೊದಿಕೆ ಎಲ್ಲ ಹೋದವು. ಬಿಚ್ಚಿದ್ದನ್ನೆಲ್ಲ ತೂಗಿ, ಹೆಂಡತಿ ಹೊಲಿಗೆ ಕಲಿಸುವ ವರಾಂಡದಲ್ಲಿ ಪೇರಿಸಿದ. ಕೊನೆಗೆ ಪಕ್ಕದ ಸೀಟಿಗೂ ಕೈ ಹಾಕಿದ.

"ಅದು ಅಮ್ಮ ಕೂರೋ ಸೀಟಲ್ವೇನ್ರೀ?"

"ಪರೀಕ್ಷೆಗೆ ಅಷ್ಟೇ ಕಣೇ. ಅವರು ಬರೋ ಹೊತ್ತಿಗೆ ಕೂರಿಸ್ತೀನಿ."

"ಅತ್ತೇನ ಸುತ್ತಾಡಿಸೋಕೆ ಅತ್ತೆ ಸೀಟನ್ನೇ ಬಿಚ್ಚಿದ ಅಳಿಯ ಭೂಮಿ ಮೇಲೆ ನೀವೊಬ್ರೇ."

ಪರೀಕ್ಷೆಯಲ್ಲಿ ಕಾರು ನಿಜವಾಗಿಯೂ ಚಿಮ್ಮಿತು. ಖಾಲಿ ರಸ್ತೆಯಲ್ಲಿ ಒಬ್ಬನೇ ಕೂತು, "ಕಂಡಿರಾ ಮಾವ?" ಎಂದು ಗಂಟಲು ಹರಿಯುವಂತೆ ಕೂಗಿದ. ಅವನ ಸಂಸಾರ ಜೀವನದಲ್ಲೇ ಅಷ್ಟು ಸುಖದ ಗಳಿಗೆ ಬಂದಿರಲಿಲ್ಲ.

ಮನೆಗೆ ಬಂದರೆ, ಹೊಲಿಗೆಗೆ ಬಂದ ಹೆಂಗಸೊಬ್ಬರು ಜಾಕ್ ಎಡವಿ ಕಾಲು ಹಿಡಿದುಕೊಂಡು ಕೂತಿದ್ದರು. "ನಾಳೆ ಬೆಳಿಗ್ಗೆ ಅಮ್ಮ ಬರ್ತಾಳೆ, ನಾಳಿದ್ದು ಆಸ್ಪತ್ರೆ. ಈ ಗುಡ್ಡೆ ಈಗಿಂದೀಗ ಇಲ್ಲಿಂದ ಹೋಗ್ಬೇಕು," ಎಂದಳು ಹೆಂಡತಿ.

ಅವನಿಗೆ ರೋಷ ಉಕ್ಕಿತು. ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕರೆದ. ಗುಜರಿಯವನು ತಕ್ಕಡಿಯ ತಟ್ಟೆಯಡಿ ಮೆಲ್ಲಗೆ ಕಾಲ್ಬೆರಳು ತೂರಿಸಿದ. ತೂಕದ ಗುಮಾಸ್ತನ ಕಣ್ಣಿಗೆ ಮಣ್ಣೆರಚುವುದೇ?

"ಕಾಲು ತೆಗಿಯಪ್ಪಾ."

"ಕಾಲೆಲ್ಲಿದೆ ಸ್ವಾಮಿ?"

"ಎಲ್ಲಿದೆ ಅಂತ ನಂಗೆ ಗೊತ್ತು. ಎಲ್ಲಾ ಇಳಿಸು. ಮೊದಲಿಂದ ನಾನೇ ತೂಗ್ತೀನಿ."

ಒಂದೊಂದನ್ನೂ ತಾನೇ ಎತ್ತಿ ತಟ್ಟೆಗೆ ಹಾಕಿದ. ಮುಳ್ಳು ನಿಲ್ಲುವವರೆಗೂ ಉಸಿರು ಬಿಗಿಹಿಡಿದ. ಗುಜರಿಯವನು ಕೈಮುಗಿದು ಗಾಡಿ ತಳ್ಳಿಕೊಂಡು ಹೋದ ಮೇಲೆ, ಯುದ್ಧ ಗೆದ್ದವನಂತೆ ಒಳಗೆ ಬಂದ.

"ಒಂದು ಗ್ರಾಮೂ ಬಿಡಲಿಲ್ಲ ನಾನು."

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಸೀಟು?"

"ಅದೇ ಎಲ್ಲದಕ್ಕಿಂತ ಹೆಚ್ಚು ತೂಗಿದ್ದು," ಎಂದ. ಅಂದ ಮೇಲೆ ಅವನಿಗೆ ಅರ್ಥವಾಯಿತು.

ಇಬ್ಬರೂ ಓಡಿದರು, ಊರೆಲ್ಲ ವಿಚಾರಿಸಿ ಅವನ ಗುಜರಿ ಅಂಗಡಿ ಹಿಡಿದರು. ಅಷ್ಟು ಹೊತ್ತಿಗೆ ಸೀಟಿನ ಸ್ಪಂಜು ಒಂದು ಮೂಲೆಯಲ್ಲಿತ್ತು, ಕತ್ತರಿಸಿದ ಕಬ್ಬಿಣ ಇನ್ನೊಂದು ಮೂಲೆಯಲ್ಲಿ. ಅಷ್ಟು ಹಳೆಯ ಕಾರಿನ ಸೀಟು ಬೆಳಗಾಗುವುದರೊಳಗೆ ಬೇರೆಲ್ಲಿ ಸಿಗಬೇಕು? ಪ್ಲಾಸ್ಟಿಕ್ ಕುರ್ಚಿ ಕಟ್ಟಿದರೆ ಹೇಗೆ ಎಂದು ಬಾಯಿಬಿಟ್ಟ.

"ನನ್ನಪ್ಪನ ಮೇಲೆ ನಿಮಗೆ ಸಿಟ್ಟು, ಸರಿ," ಎಂದಳು ಅವಳು. "ಅಮ್ಮ ನಿಮಗೇನು ಮಾಡಿದ್ಲು?"

ಅವಳು ಮುಖ ಗಂಟಿಕ್ಕಿಕೊಂಡಿದ್ದರೆ ಸಹಿಸಬಹುದಿತ್ತು, ಕಣ್ಣೀರು ಹಾಕಿದ್ದನ್ನು ಸಹಿಸುವುದು ಕಷ್ಟವಾಯಿತು.

ಬೆಳಿಗ್ಗೆ ಅತ್ತೆ ಊರುಗೋಲು ಊರಿಕೊಂಡು ಕಾರಿನ ಹತ್ತಿರ ಬಂದರು. ಒಳಗೆ ಬಗ್ಗಿ ನೋಡಿದರು. ತಾವು ಕೂರುತ್ತಿದ್ದ ಕಡೆ ಬರೀ ತಗಡು, ನಾಲ್ಕು ಬೋಲ್ಟಿನ ತೂತು. ಆಮೇಲೆ, "ಹೋಗ್ಲಿ ಬಿಡು ಮಗಳೇ," ಎಂದು ಹಿಂದಕ್ಕೆ ತಿರುಗಿದರು.

"ಹೋಗ್ಲಿ ಯಾಕೆ? ಅಪ್ಪನ ಸೀಟಿದೆಯಲ್ಲ, ಕೂತ್ಕೋ."

"ನಂಗೆಲ್ಲಿ ಓಡಿಸೋಕೆ ಬರುತ್ತೆ?"

"ನೀನು ಸ್ಟೀರಿಂಗ್ ಹಿಡಿ ಸಾಕು. ಇವ್ರು ತಳ್ತಾರೆ."

ತಳ್ಳಿದ. ಅಷ್ಟೆಲ್ಲ ಹಗುರ ಮಾಡಿದ ಕಾರು ಲಾರಿಯಷ್ಟು ಭಾರವಾಗಿತ್ತು. ಪಕ್ಕದಲ್ಲಿ ಹೆಂಡತಿ ಕಿಟಕಿಯೊಳಗೆ ಕೈಯಿಟ್ಟು ಸ್ಟೀರಿಂಗ್ ಸರಿಮಾಡುತ್ತ ನಡೆದಳು. ಮಾತು ಬಿಟ್ಟಿದ್ದ ಬೀದಿಯವರೆಲ್ಲ ಹೊರಗೆ ಬಂದು ಗೇಟಿಗೆ ಒರಗಿ ನಿಂತರು. ಅವನಿಗೆ ಬೆವರು ಕಣ್ಣಿಗಿಳಿಯಿತು, ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಅತ್ತೆ ಮಾತ್ರ ಗಂಡ ಹಿಡಿಯುತ್ತಿದ್ದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತ ಕೂತಿದ್ದರು. ಬೀದಿಯ ಕೊನೆಯ ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, ಬಹಳ ಮರ್ಯಾದೆಯಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ನಮ್ಮ ಯಜಮಾನ್ರು ಇದಕ್ಕಿಂತ ಸ್ವಲ್ಪ ಜೋರಾಗೇ ಓಡಿಸ್ತಿದ್ರು."